ಮುಂಬೈಯ ಹಳೆಯ ಕಟ್ಟಡ ನೋಡಲು ಯಾವ ದಾರಿ: ಗೈಡ್ ಜೊತೆ ಕಾಲ್ನಡಿಗೆಯೋ, ಲೋಕಲ್ ಹತ್ತಿ ಸ್ವಂತ ಸುತ್ತಾಟವೋ?

ದಕ್ಷಿಣ ಮುಂಬೈಯ ಕಟ್ಟಡಗಳನ್ನು ನೋಡಲು ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ದುಡ್ಡು ಕೊಟ್ಟು ಗೈಡ್ ಜೊತೆ ಹೋಗಬೇಕೇ, ಫೋನಿನ ಮ್ಯಾಪ್ ಸಾಕೇ? ಇಡೀ ಊರಿಗೆ ಅನ್ವಯಿಸುವ ಒಂದೇ ಉತ್ತರ ಇದಕ್ಕಿಲ್ಲ. ಸಿಎಸ್‌ಎಂಟಿಯಿಂದ (ಹಿಂದೆ ವಿ. ಟಿ. ಎನ್ನುತ್ತಿದ್ದ ಛತ್ರಪತಿ ಶಿವಾಜಿ ಮಹಾರಾಜ್ ರೈಲು ನಿಲ್ದಾಣ) ಕಾಲಾ ಘೋಡಾವರೆಗಿನ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳಿಗೆ, ಅಂದರೆ ಬ್ರಿಟಿಷರ ಕಾಲದ ಚೂಪು ಕಮಾನಿನ ಕಲ್ಲಿನ ಕಟ್ಟಡಗಳಿಗೆ, ಗೈಡ್ ಬೇಕೇ ಬೇಕು. ಓವಲ್ ಮೈದಾನದ ಪಶ್ಚಿಮ ಅಂಚು ಮತ್ತು ಮರೀನ್ ಡ್ರೈವ್‌ನ ಆರ್ಟ್ ಡೆಕೊ ಕಟ್ಟಡಗಳಿಗೆ (1930ರ ದಶಕದ ನಯವಾದ ಗೆರೆಗಳ ಶೈಲಿ) ಬೇಕಿಲ್ಲ, ಅರ್ಧ ಗಂಟೆ ಓದಿಕೊಂಡು ಹೋದರೆ ಸಾಕು. ಇನ್ನೂ ಉತ್ತರಕ್ಕಿರುವ ಬೈಕುಲಾ ಮತ್ತು ಮಾಟುಂಗಾ ಬಡಾವಣೆಗಳೆರಡಕ್ಕೂ ಲೋಕಲ್ ರೈಲಿನಲ್ಲೇ ಹೋಗಬೇಕು. ಟ್ಯಾಕ್ಸಿಯಲ್ಲಿ ಹೋದರೆ ಸಮಯವೂ ಹಾಳು, ಈ ಊರು ರೈಲಿನ ಬೆನ್ನು ಹಿಡಿದು ಬೆಳೆದದ್ದು ಕಣ್ಣಿಗೆ ಬೀಳುವುದೂ ಇಲ್ಲ.

ಗಾಥಿಕ್ ಭಾಗಕ್ಕೆ ಗೈಡ್ ಏಕೆ

ಈ ಕಟ್ಟಡಗಳ ತುಂಬ ಕೆತ್ತನೆ. ಹೆಚ್ಚಿನದು ತಲೆಯಿಂದ ಬಹಳ ಮೇಲೆ, ಕಪ್ಪುಗಟ್ಟಿದ ಕಲ್ಲಿನಲ್ಲಿ ಇರುವುದರಿಂದ ಎಲ್ಲಿ ನೋಡಬೇಕೆಂದು ಬೆರಳು ತೋರಿಸುವವರಿಲ್ಲದಿದ್ದರೆ ಕಾಣುವುದಿಲ್ಲ.

ಸಿಎಸ್‌ಎಂಟಿಯನ್ನೇ ನೋಡಿ. ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್. 1878ರಲ್ಲಿ ಕೆಲಸ ಶುರುವಾಗಿ ಮುಗಿಯಲು ಸುಮಾರು 10 ವರ್ಷ ಹಿಡಿಯಿತು. ಯುನೆಸ್ಕೊ ಪಟ್ಟಿಗೆ ಸೇರಿದ್ದು 2004ರಲ್ಲಿ. ರಸ್ತೆಯಾಚೆ ನಿಂತ ಹೊಸಬರಿಗೆ ಒಂದು ದೊಡ್ಡ ಗುಮ್ಮಟ, ಒಂದು ಗಡಿಯಾರ, ಸಾಲು ಕಮಾನುಗಳು ಕಾಣುತ್ತವೆ, ಅಷ್ಟೇ. ಗೊತ್ತಿರುವವರು ಜೊತೆಗಿದ್ದರೆ ಗೇಟಿನ ಎರಡು ಕಂಬಗಳಿಂದ ಶುರುಮಾಡುತ್ತಾರೆ: ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ಭಾರತದ್ದು. ಅಲ್ಲಿಂದ ಗುಮ್ಮಟದ ತುದಿಗೆ ಕಣ್ಣು ಹಾಯಿಸಿದರೆ ಬಲಗೈಯಲ್ಲಿ ಪಂಜು, ಎಡಗೈಯ ಬಳಿ ಕಡ್ಡಿಗಳುಳ್ಳ ಚಕ್ರ ಇರುವ ಹೆಣ್ಣಿನ ಪ್ರತಿಮೆ, ‘ಪ್ರಗತಿ’. ಗೋಡೆಯ ದುಂಡು ಫಲಕಗಳಲ್ಲಿ ರೈಲ್ವೆ ಕಂಪನಿಯ ನಿರ್ದೇಶಕರ ಮುಖಗಳಿವೆ. ಮುಂಬೈಯ ದಾನಿ ವ್ಯಾಪಾರಿಗಳಾದ ಜಮ್‌ಷೇಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ್ ಶಂಕರ್‌ಶೇಟ್ ಕೂಡ ಅಲ್ಲಿದ್ದಾರೆ. ಎಲೆ, ಬಳ್ಳಿ, ನವಿಲು, ಕೋತಿ, ಹಲ್ಲಿಗಳನ್ನು ಕಡೆದವರಲ್ಲಿ ಬಾಂಬೆ ಕಲಾಶಾಲೆಯ ವಿದ್ಯಾರ್ಥಿಗಳು ಇದ್ದರು. ನಾವು ‘ಜೆ. ಜೆ.’ ಎಂದು ಕರೆಯುವುದು ಆ ಶಾಲೆಯನ್ನೇ. ಒಳಗೆ ಲೋಕಲ್ ಟಿಕೆಟ್ ಕೊಡುವ ಹಾಲ್‌ನ ಹೆಸರು ಸ್ಟಾರ್ ಚೇಂಬರ್. ಚಾವಣಿಯಲ್ಲಿ ಚಿನ್ನದ ಬಣ್ಣದ ನಕ್ಷತ್ರಗಳಿವೆ. ದಿನಕ್ಕೆ ಲಕ್ಷಗಟ್ಟಲೆ ಜನ ಬಂದುಹೋಗುವ ನಿಲ್ದಾಣದಲ್ಲಿ ಒಬ್ಬರೂ ತಲೆಯೆತ್ತುವುದಿಲ್ಲ.

ಹೈಕೋರ್ಟ್ ಮತ್ತು ವಿಶ್ವವಿದ್ಯಾಲಯದ್ದೂ ಇದೇ ಕಥೆ. ಹೈಕೋರ್ಟ್ 1878ರಲ್ಲಿ ಮುಗಿದದ್ದು, ವಿನ್ಯಾಸ ಜೇಮ್ಸ್ ಫುಲ್ಲರ್ ಅವರದು, ಮುಂಭಾಗದ ಉದ್ದ 562 ಅಡಿ. ನೆತ್ತಿಯಲ್ಲಿ ನ್ಯಾಯ ಮತ್ತು ಕರುಣೆಯ ಪ್ರತಿಮೆಗಳು. ಕಂಬವೊಂದರಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದ ಕೋತಿ ಇದೆ. ಅದನ್ನು ತಾವಾಗಿಯೇ ಹುಡುಕಿ ಕಂಡವರು ಅಪರೂಪ. ಪಕ್ಕದ ವಿಶ್ವವಿದ್ಯಾಲಯದ 280 ಅಡಿಯ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟವರು ಹತ್ತಿ ವ್ಯಾಪಾರದ ದೊರೆ ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದು. ವಿನ್ಯಾಸ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಬಂದವರೇ ಅಲ್ಲ. ಗೋಪುರದ ಮೇಲೆ ಪಶ್ಚಿಮ ಭಾರತದ ನಾನಾ ಸಮುದಾಯಗಳ ಜನರ 24 ವಿಗ್ರಹಗಳಿವೆ. ಸಣ್ಣ ದುರ್ಬೀನು ಇದ್ದರೆ ಮರೆಯದೆ ತನ್ನಿ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x ಸಾಕು. ಗೋಪುರ ಹತ್ತಲು ಸಾರ್ವಜನಿಕರನ್ನು ಬಿಡುವುದಿಲ್ಲ. ಹಾಗೆ ಭರವಸೆ ಕೊಟ್ಟು ಟಿಕೆಟ್ ಮಾರುವವರು ಸಿಕ್ಕರೆ ದೂರವಿರಿ.

ಭಾನುವಾರವೋ, ಕೆಲಸದ ದಿನವೋ

ನಿಜವಾದ ಆಯ್ಕೆ ಇಲ್ಲಿದೆ. ಇದನ್ನು ಮೊದಲೇ ಯೋಚಿಸದೆ ಬುಕ್ ಮಾಡಿದವರು ಅಲ್ಲಿಗೆ ಹೋದ ಮೇಲೆ ಪೇಚಾಡುತ್ತಾರೆ.

ಗುಂಪಿನ ನಡಿಗೆಗಳು ಹೆಚ್ಚಾಗಿ ಶನಿವಾರ, ಭಾನುವಾರ ಬೆಳಿಗ್ಗೆ ಇರುತ್ತವೆ. ಕಾರಣ ಸರಳ: ಈ ಕಟ್ಟಡಗಳಿರುವ ಫೋರ್ಟ್ ಪ್ರದೇಶ ಕಚೇರಿಗಳ ಊರು, ಭಾನುವಾರ ಖಾಲಿ. ದಾದಾಭಾಯಿ ನವರೋಜಿ ರಸ್ತೆಯಲ್ಲಿ ಗೈಡ್ ಮಾತು ಕಿವಿಗೆ ಬೀಳುವುದು ಆ ದಿನ ಮಾತ್ರ. ಆದರೆ ಒಳಾಂಗಣಗಳಲ್ಲಿ ಬಹುಪಾಲು ಆ ದಿನ ಮುಚ್ಚಿರುತ್ತವೆ. ಸಿಎಸ್‌ಎಂಟಿಯ ಆಡಳಿತ ಭಾಗದಲ್ಲಿರುವ ಪಾರಂಪರಿಕ ಗ್ಯಾಲರಿಗೆ ಮತ್ತು ಗುಮ್ಮಟದ ಕೆಳಗಿನ ಮೆಟ್ಟಿಲ ಸಾಲಿಗೆ ಪ್ರವೇಶ ಕೆಲಸದ ದಿನಗಳ ಮಧ್ಯಾಹ್ನ, ಟಿಕೆಟ್ ಕೊಂಡು. ಹೈಕೋರ್ಟೂ ಕೆಲಸದ ದಿನಗಳ ಜಾಗ. ಅಲ್ಲಿ ತಪಾಸಣೆ ಬಿಗಿ, ಒಳಗೆ ಫೋಟೊ ತೆಗೆಯುವಂತಿಲ್ಲ. ಇದಕ್ಕೆ ಹೊರತಾದದ್ದು ಸಿಎಸ್‌ಎಂಟಿ ಎದುರಿನ ಮಹಾನಗರಪಾಲಿಕೆ ಕಟ್ಟಡ. ಅದೂ ಸ್ಟೀವನ್ಸ್ ಅವರದೇ, 1893ರದು. ಅಲ್ಲಿ ಗೈಡ್ ಜೊತೆಗಿನ ಒಳಭೇಟಿ 2021ರಲ್ಲಿ ಶುರುವಾದದ್ದು ವಾರಾಂತ್ಯದ ದಿನಗಳಿಗೆ. ಮೊದಲೇ ಬುಕ್ ಮಾಡಬೇಕು.

ಹಾಗಾಗಿ ಕಥೆ ಕೇಳುವ ಆಸೆ ಹೆಚ್ಚಿದ್ದವರಿಗೆ ಭಾನುವಾರ ಬೆಳಿಗ್ಗೆ, ಚಾವಣಿ, ಮೆಟ್ಟಿಲು, ಬಣ್ಣದ ಗಾಜು ನೋಡುವ ಆಸೆ ಹೆಚ್ಚಿದ್ದವರಿಗೆ ಕೆಲಸದ ದಿನ ಸರಿ. ಕೆಲಸದ ದಿನಕ್ಕೆ ಗುಂಪಿನ ನಡಿಗೆ ಸಿಗದಿದ್ದರೆ ಖಾಸಗಿ ಗೈಡ್ ಗೊತ್ತುಮಾಡಬೇಕಾಗುತ್ತದೆ. ಖರ್ಚು ಜಾಸ್ತಿ, ಆದರೆ ನಾಲ್ಕೈದು ಜನರ ಮನೆಮಂದಿ ಒಟ್ಟಿಗೆ ಹೋದರೆ ತಲೆಗೆ ಬೀಳುವ ಮೊತ್ತದಲ್ಲಿ ಹೆಚ್ಚಿನ ವ್ಯತ್ಯಾಸ ಬಾರದು.

ಬುಕ್ ಮಾಡುವಾಗ ಫೋನಿನಲ್ಲೇ ಕೇಳಿಬಿಡಿ: ಗುಂಪಿನಲ್ಲಿ ಗರಿಷ್ಠ ಎಷ್ಟು ಜನ? 15 ದಾಟಿದರೆ ಮೈಕ್ ಅಥವಾ ಕಿವಿಗೆ ಹಾಕುವ ರಿಸೀವರ್ ಕೊಡುತ್ತಾರೆಯೇ? ಎಷ್ಟು ಕಟ್ಟಡಗಳ ಒಳಗೆ ಹೋಗುತ್ತೇವೆ, ಹೊರಗಿನಿಂದಲೇ ನೋಡುವುದು ಎಷ್ಟು? ನಡಿಗೆ ಮುಗಿಯುವುದು ಎಲ್ಲಿ? ಮಳೆ ಬಂದರೆ ದುಡ್ಡು ವಾಪಸೋ, ಬೇರೆ ದಿನವೋ? ಭಾಷೆ ಯಾವುದು? ಇಂಗ್ಲಿಷ್, ಹಿಂದಿ, ಮರಾಠಿ ಸುಲಭವಾಗಿ ಸಿಗುತ್ತವೆ. ಕನ್ನಡದ ಗೈಡ್ ಸಿಗುವುದು ಕಷ್ಟ. ಇಂಗ್ಲಿಷ್ ಅರ್ಥವಾಗದ ಹಿರಿಯರು ಜೊತೆಗಿದ್ದರೆ ಹಿಂದಿಯ ನಡಿಗೆಯನ್ನೇ ಕೇಳಿ ಪಡೆಯಿರಿ. ಮುಗಿಯುವ ಜಾಗದ ಪ್ರಶ್ನೆ ಸಣ್ಣದಲ್ಲ. ಸಿಎಸ್‌ಎಂಟಿಯಲ್ಲಿ ಶುರುವಾದ ನಡಿಗೆ ಗೇಟ್‌ವೇ ಆಫ್ ಇಂಡಿಯಾದಲ್ಲಿ ಮುಗಿದರೆ ವಾಪಸ್ ಸುಮಾರು ಎರಡೂವರೆ ಕಿಲೊಮೀಟರ್. ಆ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ.

ಓವಲ್ ಮತ್ತು ಮರೀನ್ ಡ್ರೈವ್: ನೀವೇ ಹೋಗಿ

ಓವಲ್ ಮೈದಾನದ ನಡುವೆ ಹಾದುಹೋಗುವ ಕಾಲುದಾರಿಯಲ್ಲಿ ನಿಂತರೆ ಎರಡು ಕಾಲ ಎದುರುಬದುರಾಗಿ ಕಾಣುತ್ತವೆ. ಪೂರ್ವಕ್ಕೆ 1870ರ ದಶಕದ ಕಲ್ಲಿನ ಗಾಥಿಕ್, ಪಶ್ಚಿಮಕ್ಕೆ 1930ರ ದಶಕದ ಆರ್‌ಸಿಸಿ ಆರ್ಟ್ ಡೆಕೊ. ಈ ಎರಡೂ ಸೇರಿದ 94 ಕಟ್ಟಡಗಳ ಸಮೂಹ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಮುಂಬೈಯಲ್ಲಿ ನಿಮಗೆ ಸಿಗುವುದು ಒಂದೇ ಗಂಟೆಯಾದರೆ ಉಳಿದದ್ದೆಲ್ಲ ಬಿಟ್ಟು ಇಲ್ಲಿಗೆ ಬನ್ನಿ.

ಡೆಕೊ ಕಟ್ಟಡಗಳಿಗೆ ಗೈಡ್ ಏಕೆ ಬೇಕಿಲ್ಲ ಎಂದರೆ ಅವುಗಳ ವ್ಯಾಕರಣ ಚಿಕ್ಕದು, ನಾಲ್ಕೈದು ಗುರುತು ತಿಳಿದರೆ ಉಳಿದದ್ದನ್ನು ಕಣ್ಣೇ ಕಲಿಯುತ್ತದೆ. ಕಿಟಕಿಗಳ ಮೇಲೆ ಹುಬ್ಬಿನಂತೆ ಉದ್ದಕ್ಕೂ ಎಳೆದ ತೆಳು ಸಜ್ಜಾ ಇದೆಯೇ ನೋಡಿ. ಮೂಲೆ ಚೂಪಾಗಿದೆಯೋ, ದುಂಡಗೆ ತಿರುಗಿದೆಯೋ ಗಮನಿಸಿ. ಬಾಲ್ಕನಿಯ ಕಂಬಿಗಳು ಹಡಗಿನ ಡೆಕ್ಕಿನವುಗಳ ಹಾಗೆ ಅಡ್ಡಡ್ಡ ಇರುತ್ತವೆ. ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ನೆತ್ತಿ, ಚಿಮ್ಮಿ ಹಾಗೇ ಹೆಪ್ಪುಗಟ್ಟಿದ ಕಾರಂಜಿಯಂಥ ಉಬ್ಬುಚಿತ್ರ, ಗೇಟಿನ ಕಬ್ಬಿಣದಲ್ಲಿ ಸೂರ್ಯಕಿರಣ ಅಥವಾ ಅಲೆ, ಇವೂ ಗುರುತುಗಳೇ. ಕೊನೆಯದಾಗಿ ಕಟ್ಟಡದ ಹೆಸರು ಬರೆದ ಅಕ್ಷರಗಳು. ಒಂದೊಂದು ಕಟ್ಟಡದ್ದೂ ಒಂದೊಂದು ಬಗೆ. ಈ ಅಕ್ಷರಗಳ ಫೋಟೊ ಮಾತ್ರ ತೆಗೆಯುತ್ತ ಹೋದರೂ ಬೆಳಗು ಸಾರ್ಥಕ.

ಚರ್ಚ್‌ಗೇಟ್ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಈರೋಸ್, 1938ರ ಸಿನಿಮಾ ಮಂದಿರ. ಕೆಂಪು ಕಲ್ಲು, ಕೆನೆಬಣ್ಣ, ಮೂಲೆಯಲ್ಲಿ ಸುತ್ತುಸುತ್ತಾಗಿ ಮೇಲೇರುವ ಗೋಪುರ. ಅಲ್ಲಿಂದ ಮಹರ್ಷಿ ಕರ್ವೆ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯಿರಿ, ಆದರೆ ಕಟ್ಟಡಗಳ ಬುಡದ ಫುಟ್‌ಪಾತ್‌ನಲ್ಲಿ ಬೇಡ. ಮೈದಾನದ ಬದಿಯಲ್ಲಿ ನಡೆದರೇ ಮುಂಭಾಗ ಪೂರ್ತಿ ಕಾಣುವುದು. ಶಿವ ಶಾಂತಿ ಭುವನದ ಕಾರಂಜಿ ಅಲಂಕಾರದ ಮುಂದೆ ಐದು ನಿಮಿಷ ನಿಲ್ಲಿ. ಮೈದಾನದ ಕೊನೆಯಿಂದ ಪಶ್ಚಿಮಕ್ಕೆ ತಿರುಗಿ ಮರೀನ್ ಡ್ರೈವ್ ಸೇರಿ, ಸಮುದ್ರದ ಕಟ್ಟೆಯ ಪಕ್ಕ ಉತ್ತರಕ್ಕೆ ಬಂದರೆ ವೀರ್ ನರಿಮನ್ ರಸ್ತೆಯ ಮೂಲೆಯಲ್ಲಿ ಸೂನಾ ಮಹಲ್. ಅಲ್ಲಿಂದ ಅದೇ ರಸ್ತೆಯಲ್ಲಿ ಒಳಗೆ ನಡೆದರೆ ಮತ್ತೆ ಚರ್ಚ್‌ಗೇಟ್. ನಿಧಾನಕ್ಕೆ ನಡೆದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಇವೆಲ್ಲ ಜನ ವಾಸವಿರುವ ಮನೆಗಳು ಎಂಬುದು ನೆನಪಿರಲಿ. ಕೇಳದೆ ಲಾಬಿಯೊಳಗೆ ಕಾಲಿಟ್ಟರೆ ವಾಚ್‌ಮನ್ ತಡೆಯುವುದು ನ್ಯಾಯವೇ. ಲಿಫ್ಟಿನ ಜಾಲರಿ ಬಾಗಿಲು, ಕಲ್ಲುಚೂರು ಬೆರೆಸಿ ನುಣುಪು ಮಾಡಿದ ಟೆರಾಜೊ ನೆಲ ನೋಡಲೇಬೇಕೆಂದಿದ್ದರೆ ಮಾತ್ರ ಇಲ್ಲೂ ಸಂಘಟಿತ ನಡಿಗೆಗೆ ಸೇರಿ. ಆರ್ಟ್ ಡೆಕೊ ಮುಂಬೈ ಟ್ರಸ್ಟ್ ಕಟ್ಟಡಗಳನ್ನು ಒಂದೊಂದಾಗಿ ದಾಖಲಿಸಿ ಅಂತರ್ಜಾಲದಲ್ಲಿ ಇಟ್ಟಿದೆ. ಹೋಗುವ ಹಿಂದಿನ ರಾತ್ರಿ ಅದನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಬೆಳಕಿನ ಲೆಕ್ಕವನ್ನು ಹೆಚ್ಚಿನವರು ತಪ್ಪುತ್ತಾರೆ. ಓವಲ್‌ನ ಡೆಕೊ ಸಾಲು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಅದರ ಮೇಲೆ. ಹೈಕೋರ್ಟ್, ರಾಜಾಬಾಯಿ, ಸಿಎಸ್‌ಎಂಟಿ, ಮರೀನ್ ಡ್ರೈವ್‌ನ ಮನೆಸಾಲು, ಇವೆಲ್ಲ ಪಶ್ಚಿಮಕ್ಕೆ. ಮಧ್ಯಾಹ್ನ ಮೂರೂವರೆಯ ಮೇಲೆ ಸಿಎಸ್‌ಎಂಟಿಯ ಹಳದಿ ಛಾಯೆಯ ಮಲಾಡ್ ಕಲ್ಲು ಹೊಳೆಯುತ್ತದೆ. ಬೆಳಿಗ್ಗೆ ಅದೇ ಕಟ್ಟಡದ ಫೋಟೊ ತೆಗೆದರೆ ಬೆಳಕು ಕಟ್ಟಡದ ಹಿಂದೆ, ಕೆತ್ತನೆಯೆಲ್ಲ ಕಪ್ಪು. ಅಂದರೆ ಭಾನುವಾರ ಬೆಳಗಿನ ಗೈಡ್ ನಡಿಗೆ ಕಿವಿಗೆ ಒಳ್ಳೆಯದು, ಕ್ಯಾಮೆರಾಗೆ ಅಲ್ಲ. ಬೆಳಿಗ್ಗೆ ಕೇಳಿಸಿಕೊಂಡು, ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಬಂದು ತೆಗೆಯಿರಿ. ಟ್ರೈಪಾಡ್ ನಿಲ್ಲಿಸಿದರೆ ರೈಲ್ವೆ ಪೊಲೀಸರು ಅನುಮತಿ ಪತ್ರ ಕೇಳುತ್ತಾರೆ.

ರೈಲಿನ ಭಾಗ: ಬೈಕುಲಾವೋ, ಮಾಟುಂಗಾವೋ

ಎರಡಕ್ಕೂ ಸಿಎಸ್‌ಎಂಟಿಯಿಂದ ಸೆಂಟ್ರಲ್ ಮೇನ್ ಲೈನ್. ಇಲ್ಲಿ ಆಗುವ ದೊಡ್ಡ ತಪ್ಪು ಹಾರ್ಬರ್ ಲೈನಿನ ಗಾಡಿ ಹತ್ತುವುದು. ಪ್ಲಾಟ್‌ಫಾರ್ಮ್ 1 ಮತ್ತು 2ರಿಂದ ಹೊರಡುವ ಪನ್ವೇಲ್ ಗಾಡಿ ಸ್ಯಾಂಡ್‌ಹರ್ಸ್ಟ್ ರೋಡ್ ದಾಟಿದ ಮೇಲೆ ಬಂದರಿನ ಕಡೆ ತಿರುಗಿ ಡಾಕ್‌ಯಾರ್ಡ್ ರೋಡ್‌ಗೆ ಹೋಗುತ್ತದೆ, ಬೈಕುಲಾಕ್ಕೆ ಹೋಗುವುದೇ ಇಲ್ಲ. ಮೇನ್ ಲೈನಿನ ಲೋಕಲ್‌ಗಳು 3ರಿಂದ 7ರವರೆಗೆ. ಬೈಕುಲಾದಲ್ಲಿ ಫಾಸ್ಟ್ (ಮುಖ್ಯ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುವುದು), ಸ್ಲೋ (ಎಲ್ಲ ಕಡೆ ನಿಲ್ಲುವುದು) ಎರಡೂ ನಿಲ್ಲುತ್ತವೆ. ಮಾಟುಂಗಾಕ್ಕೆ ಸ್ಲೋ ಗಾಡಿಯೇ ಬೇಕು. ಫಾಸ್ಟ್ ಹತ್ತಿದರೆ ದಾದರ್‌ನಲ್ಲಿ ಇಳಿದು ಬದಲಿಸಬೇಕಾಗುತ್ತದೆ. ‘ಮಾಟುಂಗಾ ರೋಡ್’ ಬೇರೆ ನಿಲ್ದಾಣ, ಅದು ವೆಸ್ಟರ್ನ್ ಲೈನಿನದು.

ಎರಡನೇ ದರ್ಜೆಯ ಕನಿಷ್ಠ ದರ ₹5, ಬೈಕುಲಾಕ್ಕೆ ಅಷ್ಟೇ ಸಾಕು. ಎಸಿ ಲೋಕಲ್‌ಗೆ ಕನಿಷ್ಠ ₹35, ಟಿಕೆಟ್ಟೂ ಬೇರೆ. ಸಾಮಾನ್ಯ ಟಿಕೆಟ್ ಹಿಡಿದು ಎಸಿ ಗಾಡಿಗೋ ಫಸ್ಟ್ ಕ್ಲಾಸಿಗೋ ಹತ್ತಿದರೆ ದಂಡ ಖಚಿತ. ಮೊಬೈಲ್ ಆ್ಯಪ್‌ನ ಕಾಗದರಹಿತ ಟಿಕೆಟ್ಟನ್ನು ನಿಲ್ದಾಣದ ಹೊರಗಿರುವಾಗಲೇ ತೆಗೆಯಬೇಕು, ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಆ್ಯಪ್ ಒಪ್ಪುವುದಿಲ್ಲ. ಆಗ ಕೌಂಟರ್‌ಗೆ ಹೋಗಬೇಕಾಗುತ್ತದೆ. ಟಿಕೆಟ್ ತೆಗೆದ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಆದ್ದರಿಂದ ಗೈಡ್ ನಡಿಗೆಗೆ ಮುಂಚೆಯೇ ತೆಗೆದಿಟ್ಟುಕೊಳ್ಳಬೇಡಿ. ದಿನವಿಡೀ ಹತ್ತಿ ಇಳಿಯುವವರಿಗೆ 1, 3, 5 ದಿನಗಳ ಪ್ರವಾಸಿ ಟಿಕೆಟ್ ಕೌಂಟರ್‌ನಲ್ಲಿ ಸಿಗುತ್ತದೆ. ಎರಡು ಮೂರು ಸವಾರಿಗೆ ಅದು ದುಡ್ಡು ವ್ಯರ್ಥ.

ಬೆಳಿಗ್ಗೆ 8ರಿಂದ 11ರವರೆಗೆ ಜನಸಾಗರ ಹರಿಯುವುದು ದಕ್ಷಿಣಕ್ಕೆ, ಸಂಜೆ 5ರ ಮೇಲೆ ಉತ್ತರಕ್ಕೆ. ನೀವು ಸಿಎಸ್‌ಎಂಟಿಯಿಂದ ಉತ್ತರಕ್ಕೆ ಹೋಗುವವರಾದ್ದರಿಂದ ಬೆಳಿಗ್ಗೆ ಹತ್ತಕ್ಕೂ ಸೀಟು ಸಿಗುತ್ತದೆ. ನಾಲ್ಕರೊಳಗೆ ಮರಳಿದರೆ ಯಾವ ಕಷ್ಟವೂ ಇಲ್ಲ. ಗಾಡಿ ನಿಲ್ಲುವುದು ಅರೆ ನಿಮಿಷವೂ ಇಲ್ಲ. ಇಳಿಯುವವರು ಹಿಂದಿನ ನಿಲ್ದಾಣ ಬಿಟ್ಟೊಡನೆ ಬಾಗಿಲ ಬಳಿ ಬಂದು ನಿಲ್ಲಬೇಕು. ಭಾನುವಾರ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶುರುವಾಗಿ ಸಂಜೆ ನಾಲ್ಕರವರೆಗೆ. ಯಾವ ಭಾಗದಲ್ಲಿ ಎಂಬುದು ಹಿಂದಿನ ದಿನ ಪ್ರಕಟವಾಗುತ್ತದೆ. ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸಿದಾಗ ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್‌ನಂಥ ಸಣ್ಣ ನಿಲ್ದಾಣಗಳಿಗೆ ಗಾಡಿಯಿಲ್ಲ. ಬೈಕುಲಾಕ್ಕೆ ಆ ತೊಂದರೆ ಕಡಿಮೆ.

ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ವಾಸ್ತುಶಿಲ್ಪವೇ ಗುರಿಯಾದವರಿಗೆ ಬೈಕುಲಾ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ (ಈಗಿನ ಸಿಎಸ್‌ಎಂಟಿಯ ಜಾಗ) ಠಾಣೆಗೆ ಮೊದಲ ರೈಲು ಓಡಿದ ಮಾರ್ಗದ ನಿಲ್ದಾಣ ಇದು. ಹಳೆಯ ಕಟ್ಟಡವನ್ನು ಮೂಲರೂಪಕ್ಕೆ ತಂದ ಕೆಲಸಕ್ಕೆ 2022ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಸಂರಕ್ಷಣಾ ಪ್ರಶಸ್ತಿ ಬಂದಿದೆ. ಸಿಎಸ್‌ಎಂಟಿಯ ವೈಭವ ನೋಡಿ ಬಂದ ಕಣ್ಣಿಗೆ ಇದು ಸಾದಾ ಅನಿಸಬಹುದು. ಆದರೆ ದಿನನಿತ್ಯದ ನಿಲ್ದಾಣವೊಂದನ್ನು ಗಾಡಿ ಓಡುತ್ತಿರುವಾಗಲೇ ಹೀಗೆ ಉಳಿಸಿಕೊಂಡದ್ದು ದೊಡ್ಡ ಮಾತು. ಪೂರ್ವದ ಬದಿಯಲ್ಲಿ ಹೊರಬಿದ್ದು ಸ್ವಲ್ಪ ನಡೆದರೆ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ. 1872ರಲ್ಲಿ ತೆರೆದದ್ದು, ಒಳಗೆ ಎರಕದ ಕಬ್ಬಿಣದ ಕಂಬಗಳು, ಚಿನ್ನದ ಲೇಪದ ಅಲಂಕಾರ. ಬುಧವಾರ ರಜೆ, ಪಕ್ಕದ ಪ್ರಾಣಿಸಂಗ್ರಹಾಲಯಕ್ಕೂ ಅಂದೇ ರಜೆ. ಬುಧವಾರ ಬೈಕುಲಾ ಯೋಜನೆ ಹಾಕಬೇಡಿ.

ಮಾಟುಂಗಾ ಬೇರೆ ರುಚಿ. 1896ರ ಪ್ಲೇಗ್ ಬಂದ ಮೇಲೆ 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗಾ ಬಡಾವಣೆಗಳನ್ನು ಯೋಜಿಸಿತು. ಅದೇ ಪ್ಲೇಗ್ ಬೆಂಗಳೂರಿಗೆ ಬಂದ ಮೇಲೆ ಬೆಳೆದವು ಬಸವನಗುಡಿ, ಮಲ್ಲೇಶ್ವರ. ಹಾಗಾಗಿ ಅಗಲ ರಸ್ತೆ, ಮರದ ಸಾಲು, ನಡುವೆ ಬಯಲು, ಗಾಳಿಯಾಡುವ ಬಾಲ್ಕನಿ ಬೆಂಗಳೂರಿನವರ ಕಣ್ಣಿಗೆ ಪರಿಚಿತ ಅನಿಸಿದರೆ ಆಶ್ಚರ್ಯವಿಲ್ಲ. ಮೂರು ನಾಲ್ಕು ಮಹಡಿಯ ಮಧ್ಯಮವರ್ಗದ ಡೆಕೊ ಮನೆಗಳು ಇಲ್ಲಿ ಬೀದಿಗಟ್ಟಲೆ ಇವೆ. ಮರೀನ್ ಡ್ರೈವ್‌ನಷ್ಟು ಹೊಳಪಿಲ್ಲ, ಹಲವು ನೆಲಕ್ಕುರುಳಿ ಬಹುಮಹಡಿ ಕಟ್ಟಡಗಳಾಗುತ್ತಿವೆ, ನೋಡುವವರು ಬೇಗ ನೋಡಿ. ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲಿಯೇ, ಊಟಕ್ಕೆ ಉಡುಪಿ ಹೋಟೆಲುಗಳಿಗೆ ಬರವಿಲ್ಲ. ಮಧ್ಯಾಹ್ನ ಹನ್ನೆರಡರೊಳಗೆ ಹೋಗಿ ಕೂತರೆ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ.

ಮೆಟ್ರೊ, ಬಸ್ಸು, ಮಳೆ

ಹೊಸ ಆಕ್ವಾ ಲೈನ್ ಮೆಟ್ರೊ 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೆ ಓಡುತ್ತಿದೆ, ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್‌ಗಳಲ್ಲಿ ನಿಲ್ದಾಣಗಳಿವೆ. ಮೊಣಕಾಲು ನೋವಿರುವ ಹಿರಿಯರಿಗೆ ನಡಿಗೆಯ ನಡುವೆ ಒಂದು ಕಿಲೊಮೀಟರ್ ಉಳಿಸಲು ಇದು ಚೆನ್ನ, ಲಿಫ್ಟ್ ಇದೆ, ತಂಪಿದೆ. ಈ ಭಾಗದಲ್ಲಿ ಪೂರ್ತಿ ನೆಲದಡಿ ಇರುವುದರಿಂದ ಕಟ್ಟಡ ನೋಡುವ ಸವಾರಿಯಾಗಿ ಪ್ರಯೋಜನವಿಲ್ಲ. ಅದಕ್ಕೆ ವೆಸ್ಟರ್ನ್ ಲೈನಿನ ಲೋಕಲ್ಲೇ ಬೇಕು: ಚರ್ಚ್‌ಗೇಟ್‌ನಿಂದ ಗ್ರ್ಯಾಂಟ್ ರೋಡ್ ಕಡೆ ಹೋಗುವಾಗ ಎಡಬದಿಯ ಕಿಟಕಿ ಹಿಡಿದರೆ ಮರೀನ್ ಲೈನ್ಸ್ ದಾಟಿ ಜಿಮ್ಖಾನಾಗಳ (ಕ್ರೀಡಾ ಕ್ಲಬ್‌ಗಳ) ಬಯಲು, ಚರ್ನಿ ರೋಡ್ ಬಳಿ ಸಮುದ್ರ ಸಿಗುತ್ತವೆ. ಮೇಲ್ಛಾವಣಿಯಿಲ್ಲದ ಪ್ರವಾಸಿ ಬಸ್ಸಿನಲ್ಲಿ ಕೆತ್ತನೆ ಕಾಣದು, ರಾತ್ರಿಯ ದೀಪಾಲಂಕಾರ ಕಾಣುತ್ತದೆ. ನಡೆಯಲಾಗದವರು ಜೊತೆಗಿದ್ದರೆ ಮಾತ್ರ ಅದನ್ನು ಆರಿಸಿ, ಆ ವಾರ ಓಡುತ್ತಿದೆಯೇ ಎಂದು ವಿಚಾರಿಸಿಕೊಂಡು.

ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗಲೇ ಬರುವುದಾದರೆ ಓವಲ್ ಬಿಟ್ಟು ಗಾಥಿಕ್ ಭಾಗವನ್ನೇ ಹಿಡಿಯಿರಿ. ದಾದಾಭಾಯಿ ನವರೋಜಿ ರಸ್ತೆಯ ಕಟ್ಟಡಗಳ ಕೆಳಗೆ ಉದ್ದಕ್ಕೂ ಕಮಾನಿನ ಪಡಸಾಲೆ ಇದೆ, ಸಿಎಸ್‌ಎಂಟಿಯಿಂದ ಫ್ಲೋರಾ ಫೌಂಟನ್‌ವರೆಗೆ ಹೆಚ್ಚು ನೆನೆಯದೆ ಹೋಗಬಹುದು. ಛತ್ರಿಗಿಂತ ಟೋಪಿಯಿರುವ ರೇನ್‌ಕೋಟ್ ಒಳ್ಳೆಯದು, ತಲೆಯೆತ್ತಿ ನೋಡುವ ಕೆಲಸಕ್ಕೆ ಛತ್ರಿ ಅಡ್ಡ.

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ಮಂಗಳೂರಿನ ಸೂಪರ್‌ಫಾಸ್ಟ್‌ನಲ್ಲೋ ಸಿಎಸ್‌ಎಂಟಿಗೇ ಬಂದಿಳಿಯುವವರು 18ನೇ ಪ್ಲಾಟ್‌ಫಾರ್ಮಿನ ಪಿ. ಡಿಮೆಲ್ಲೊ ರಸ್ತೆಯ ಬದಿಯಿಂದ ಹೊರಹೋಗಬೇಡಿ. ಟ್ಯಾಕ್ಸಿಯವರು ಕರೆಯುವುದು ಆ ಕಡೆಗೇ, ಆದರೆ ಅಲ್ಲಿಂದ ಮುಖ್ಯ ಕಟ್ಟಡ ಕಾಣುವುದೇ ಇಲ್ಲ. ಲೋಕಲ್ ಪ್ಲಾಟ್‌ಫಾರ್ಮ್‌ಗಳ ಕಡೆ ನಡೆದು, ಸಬ್‌ವೇ ಇಳಿದು, ಮಹಾನಗರಪಾಲಿಕೆಯ ಬದಿಯಲ್ಲಿ ಮೇಲೆ ಬನ್ನಿ. ಭಾರದ ಸಾಮಾನು ಇದ್ದರೆ ಕ್ಲೋಕ್‌ರೂಮಿನಲ್ಲಿಡಿ, ಬ್ಯಾಗಿಗೆ ಬೀಗ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ.

ಅರ್ಧ ದಿನ ಮಾತ್ರ ಇರುವವರು ಬೆಳಿಗ್ಗೆ ಏಳೂವರೆಗೆ ಈರೋಸ್ ಮುಂದೆ ಶುರುಮಾಡಿ, ಓವಲ್ ದಾಟಿ, ಒಂಬತ್ತಕ್ಕೆ ಗೈಡ್ ಸೇರಿಕೊಳ್ಳಿ. ಇಡೀ ದಿನವಿದ್ದರೆ ಅದಕ್ಕೆ ಬೈಕುಲಾ ಸೇರಿಸಿ, ನಾಲ್ಕಕ್ಕೆ ಸಿಎಸ್‌ಎಂಟಿಯ ಎದುರು, ಸೂರ್ಯ ಮುಳುಗುವ ಮುಂಚೆ ಮರೀನ್ ಡ್ರೈವ್. ಎರಡನೇ ದಿನ ಸಿಕ್ಕರೆ ಅದು ಕೆಲಸದ ದಿನವಾಗಿರಲಿ: ಬೆಳಿಗ್ಗೆ ಮಾಟುಂಗಾ, ಅಲ್ಲೇ ಊಟ, ಮಧ್ಯಾಹ್ನ ಸಿಎಸ್‌ಎಂಟಿ ಗ್ಯಾಲರಿ.